ಪಂಕ್ತಿಯಲ್ಲಿ ಕೇಳದ ಜಾತಿ, ಕಾಲಂನಲ್ಲಿ ಕೇಳುವ ಜಾತಿ

ಗುಬ್ಬಿಯ ಸಂತೆಯಲ್ಲಿ ನಿಂತು ಸಾರಿದಾಗ ಬಾರದ ಜನ, ಧಾತು ಈಶ್ವರ ಬರದಲ್ಲಿ ಬಾಗಿಲು ತೆರೆದಾಗ ಬಂದರು. ತುಮಕೂರು ಸೀಮೆಯ ವೆಸ್ಲಿ ಸಭೆಗಳು ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಲು ಹೊರಟು ಸುಮಾರು 190 ವರ್ಷ. ಬೆಂಚಿನ ಲೆಕ್ಕ ಒಂದು ಮಟ್ಟಿಗೆ ಚುಕ್ತಾ ಆಗಿದೆ. ಸರ್ಕಾರಿ ಅರ್ಜಿಯ ಲೆಕ್ಕ ಇನ್ನೂ ಬಾಕಿ.

"ಮುನ್ನೂರು ರೂಪಾಯಿ ಒಂದನೇ ಸಲ... ಮುನ್ನೂರು ರೂಪಾಯಿ ಎರಡನೇ ಸಲ..."

ಮೈಕು ಹಿಡಿದವರು ಮೂರನೇ ಸಲ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ "ಐನೂರು!" ಎಂಬ ಕೂಗು. ಎಲ್ಲರೂ ತಿರುಗಿ ನೋಡುತ್ತಾರೆ. ಸವಾಲು ಸಾವಿರ ದಾಟುತ್ತದೆ. ಮೇಜಿನ ಮೇಲಿರುವುದು ಒಂದು ಕುಂಬಳಕಾಯಿ. ಸಂತೆಯಲ್ಲಾದರೆ ಐವತ್ತಕ್ಕೆ ಕೊಡಿ ಎಂದು ಚೌಕಾಸಿ ಮಾಡುವ ಮಾಲು. ಗೆದ್ದವರು ಅದನ್ನು ಹೊತ್ತುಕೊಂಡು ಮನೆಗೆ ಹೋಗುವುದಿಲ್ಲ. "ಇನ್ನೊಂದ್ಸಲ ಕೂಗಿ ಸಾರ್" ಎಂದು ಮೇಜಿಗೇ ವಾಪಸ್ ಇಡುತ್ತಾರೆ. ಅದೇ ಕಾಯಿ ಎರಡನೇ ಸಲ, ಕೆಲವೊಮ್ಮೆ ಮೂರನೇ ಸಲ ಮಾರಾಟವಾಗುತ್ತದೆ.

ಹಳೇ ಮೈಸೂರು ಸೀಮೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ದೇವಾಲಯಗಳಲ್ಲಿ ಸುಗ್ಗಿ ಹಬ್ಬವೆಂದರೆ ಹೀಗೆ. ರಾಗಿ, ಅವರೆ, ಎಳನೀರಿನ ಗೊನೆ, ಹುಣಸೆಹಣ್ಣು, ಕಾಲು ಕಟ್ಟಿದ ನಾಟಿ ಹುಂಜ, ಮನೆಯಲ್ಲಿ ಮಾಡಿದ ಕೇಕು – ಯಾರ ಮನೆಯಲ್ಲಿ ಏನಿದೆಯೋ ಅದು ದೇವಾಲಯಕ್ಕೆ ಬರುತ್ತದೆ, ಆರಾಧನೆ ಮುಗಿದ ಮೇಲೆ ಹರಾಜಾಗುತ್ತದೆ. ಸವಾಲು ಕೂಗುವವರಲ್ಲಿ ನಿವೃತ್ತ ಮೇಷ್ಟ್ರು ಇರುತ್ತಾರೆ, ನರ್ಸಮ್ಮ ಇರುತ್ತಾರೆ, ಆಟೊ ಓಡಿಸುವವರೂ ಇರುತ್ತಾರೆ. ಯಾರು ಕೂಗಿದರು ಎಂಬುದಕ್ಕಿಂತ ಎಷ್ಟಕ್ಕೆ ಕೂಗಿದರು ಎಂಬುದೇ ಆವತ್ತಿನ ಸುದ್ದಿ.

ತುಮಕೂರಿನಲ್ಲಿ 'ಚರ್ಚ್ ಸರ್ಕಲ್' ಎಂದರೆ ಆಟೊದವರಿಗೆ ಬೇರೆ ಗುರುತು ಹೇಳಬೇಕಾಗಿಲ್ಲ. ಅಲ್ಲಿರುವ ಸಿಎಸ್‌ಐ ವೆಸ್ಲಿ ದೇವಾಲಯದ ಹೆಸರಿನಲ್ಲೇ ಅದರ ಜಾತಕವಿದೆ. ಅದು 18ನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ ಹುಟ್ಟುಹಾಕಿದ ಮೆಥಡಿಸ್ಟ್ ಪಂಥದ ಕುಡಿ. ಪಶ್ಚಿಮಕ್ಕೆ ಇಪ್ಪತ್ತು ಕಿಲೋಮೀಟರ್ ಹೋದರೆ ಗುಬ್ಬಿಯಲ್ಲಿ ವಿಲಿಯಂ ಆರ್ಥರ್ ಸ್ಮಾರಕ ದೇವಾಲಯ. ದಕ್ಷಿಣಕ್ಕೆ ತಿರುಗಿದರೆ ಕುಣಿಗಲ್. 1840ರ ದಶಕದ ವೆಸ್ಲಿಯನ್ ಮಿಷನ್ ವರದಿಗಳಲ್ಲಿ ಗುಬ್ಬಿಯ ಬೆನ್ನಿಗೇ ಬರುವ ಹೆಸರು ಅದು.

ಈ ಪುಟ್ಟ ಸಮುದಾಯ ಸುದ್ದಿಗೆ ಬರಲು ಕಾರಣ ಒಂದು ಕಾಲಂ. 2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಜಾತಿ ಪಟ್ಟಿಯಲ್ಲಿ 'ಕ್ರಿಶ್ಚಿಯನ್' ಎಂಬ ಬಾಲ ಹೊತ್ತ ಜಾತಿಗಳ ಹೆಸರು ಕಂಡು ಗಲಾಟೆ ಎದ್ದಿತು. ಆಕ್ಷೇಪಗಳ ನಂತರ ಅಂಥ 33 ಹೆಸರುಗಳನ್ನು ಆ್ಯಪ್‌ನ ಪಟ್ಟಿಯಲ್ಲಿ ಕಾಣದಂತೆ ಮಾಡಲಾಯಿತು; ಬೇಕಾದವರು ತಾವಾಗಿಯೇ ಬರೆಸಬಹುದು ಎಂಬ ದಾರಿ ಉಳಿಯಿತು. ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಎಂದು ಒಂದು ಕಡೆಯವರು ಕೇಳಿದರು. ಎಲ್ಲಿಗೆ ಹೋಗಿತ್ತು ಎಂದು ಇನ್ನೊಂದು ಕಡೆಯವರು ಕೇಳಿದರು.

ಎರಡನೇ ಪ್ರಶ್ನೆಯೇ ಹೆಚ್ಚು ಸರಿ. ಅದಕ್ಕೆ ಉತ್ತರ ಹುಡುಕಲು ಗುಬ್ಬಿಯಿಂದಲೇ ಹೊರಡಬೇಕು.

ಸಂತೆಯಲ್ಲಿ ಒಬ್ಬ ಐರಿಷ್ ಹುಡುಗ

ಇವತ್ತಿನವರಿಗೆ ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ, ಇಲ್ಲವೇ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. 1837ರಲ್ಲಿ ಗುಬ್ಬಿ ಎಂದರೆ ಸಂತೆ. ಸುತ್ತಲ ಸೀಮೆಯ ಅಡಿಕೆ, ಕೊಬ್ಬರಿ, ಬಟ್ಟೆ ಅಲ್ಲಿ ಕೈ ಬದಲಾಯಿಸುತ್ತಿದ್ದವು. ಜನ ಸೇರುವ ಜಾಗ ಬೇಕು ಎಂದು ಹುಡುಕುತ್ತಿದ್ದ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಮಿಷನರಿಗೆ ಇದಕ್ಕಿಂತ ಒಳ್ಳೆಯ ಊರು ಸಿಗುತ್ತಿರಲಿಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿ ತಮಿಳರ ನಡುವೆ ಮಿಷನ್ ಕೆಲಸ ಆಗಲೇ ನಡೆದಿತ್ತು. ಕನ್ನಡ ಹಳ್ಳಿಗಾಡಿಗೆ ಕಾಲಿಟ್ಟದ್ದು ಇಲ್ಲಿ.

ಎರಡು ವರ್ಷದ ನಂತರ ಹಾಡ್ಸನ್ ಜೊತೆ ಸೇರಿಕೊಂಡವನು ವಿಲಿಯಂ ಆರ್ಥರ್. ಐರ್ಲೆಂಡಿನ ಹುಡುಗ, ವಯಸ್ಸು ಇಪ್ಪತ್ತು. ಕನ್ನಡ ಕಲಿತ, ಸಂತೆಯಲ್ಲಿ ನಿಂತು ಸಾರಿದ, ಊರಿನವರ ಜೊತೆ ವಾದಕ್ಕಿಳಿದ. ಗುಬ್ಬಿ ಚನ್ನಬಸವೇಶ್ವರನ ಊರು; ಅಲ್ಲಿನ ವರ್ತಕರು ಸುಮ್ಮನೆ ತಲೆಯಾಡಿಸುವವರಲ್ಲ. ಜಾತಿ ಮೇಲು-ಕೀಳನ್ನು ಖಂಡಿಸುವ ಮಾತನ್ನು ಅವರು ಈ ಹುಡುಗನ ಬಾಯಿಂದ ಹೊಸದಾಗಿ ಕೇಳಬೇಕಾದ ಅಗತ್ಯವೂ ಇರಲಿಲ್ಲ. ಶರಣರು ಅದನ್ನು ಏಳುನೂರು ವರ್ಷ ಮೊದಲೇ ಹೇಳಿದ್ದರು.

1841ರಲ್ಲಿ ಆರೋಗ್ಯ ಕೆಟ್ಟು, ಕಣ್ಣಿನ ತೊಂದರೆ ಹೆಚ್ಚಾಗಿ ಆರ್ಥರ್ ಹಿಂದಿರುಗಿದ. ಗುಬ್ಬಿಯಲ್ಲಿ ಅವನು ದೊಡ್ಡ ಸಭೆಯನ್ನೇನೂ ಕಟ್ಟಲಿಲ್ಲ. ಕಟ್ಟಿದ್ದು ಒಂದು ಪುಸ್ತಕವನ್ನು: 1847ರಲ್ಲಿ ಬಂದ 'ಎ ಮಿಷನ್ ಟು ದಿ ಮೈಸೂರು'. ಆ ಮನುಷ್ಯ ಮುಂದೆ 1866ರಲ್ಲಿ ಬ್ರಿಟನ್ನಿನ ಮೆಥಡಿಸ್ಟ್ ಸಭೆಯ ಅಧ್ಯಕ್ಷನಾದ, 1901ರಲ್ಲಿ ತೀರಿಕೊಂಡ. ಎರಡೇ ವರ್ಷವಿದ್ದ ಊರಿನಲ್ಲಿ ಅವನ ಹೆಸರಿನ ದೇವಾಲಯ ನಿಂತಿದೆ. ದೀರ್ಘಕಾಲ ದುಡಿದ ಹಾಡ್ಸನ್ ಹೆಸರು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸ್ಮಾರಕಗಳ ನ್ಯಾಯ ಯಾವಾಗಲೂ ಹೀಗೇ.

ಹಾಡ್ಸನ್ ಮಾತ್ರ ಒಂದು ಒಳ್ಳೆಯ ಕೆಲಸ ಮಾಡಿದ. ಇಳಿವಯಸ್ಸಿನಲ್ಲಿ, 1877ರಲ್ಲಿ, ತನ್ನ ಮಿಷನ್ ಅನುಭವ ಬರೆಯಲು ಕೂತಾಗ ಪುಸ್ತಕಕ್ಕೆ ತನ್ನ ಹೆಸರಿಡದೆ ಗುಬ್ಬಿ ಸೀಮೆಯ ಹಳ್ಳಿಗನೊಬ್ಬನ ಹೆಸರಿಟ್ಟ – 'ಓಲ್ಡ್ ಡೇನಿಯಲ್'. ಮಿಷನರಿ ಸಾಹಿತ್ಯದಲ್ಲಿ ದೇಶೀಯರು ಸಾಮಾನ್ಯವಾಗಿ ಹಿನ್ನೆಲೆಯ ಗುಂಪು. ಇಲ್ಲಿ ಒಬ್ಬ ಮುದುಕ ಮುಖಪುಟಕ್ಕೆ ಬಂದ.

> ಚೌಕಟ್ಟು: ಗುಬ್ಬಿಯವರ ಕನ್ನಡ
> ಊರೂರು ಸುತ್ತಿ ಕಲಿತ ಕನ್ನಡವನ್ನು ವೆಸ್ಲಿಯನ್ನರು ಅಚ್ಚಿಗೂ ತಂದರು. ಹಾಡ್ಸನ್ ಬರೆದ ಕನ್ನಡ ವ್ಯಾಕರಣ 1859ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಅದಕ್ಕೆ ಒಂದು ವರ್ಷ ಮೊದಲು ಅದೇ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿದ ರೀವ್ ನಿಘಂಟು ಹೊರಬಂದಿತ್ತು. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯ ನಡೆಸಿದ ಜಾನ್ ಗ್ಯಾರೆಟ್ ಮುಂದೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದರು. 1887ರಲ್ಲಿ ಮೈಸೂರಿನಿಂದ 'ವೃತ್ತಾಂತ ಪತ್ರಿಕೆ' ಎಂಬ ವಾರಪತ್ರಿಕೆಯೂ ಶುರುವಾಯಿತು.

ಧಾತು ಈಶ್ವರ

'ಓಲ್ಡ್ ಡೇನಿಯಲ್' ಲಂಡನ್ನಿನಲ್ಲಿ ಬಿಕರಿಯಾಗುತ್ತಿದ್ದ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಜನ ಸಾಯುತ್ತಿದ್ದರು.

ಧಾತು ಮತ್ತು ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಕೈಕೊಟ್ಟಿತು, ಮುಂದಿನ ವರ್ಷವೂ ಸರಿಹೋಗಲಿಲ್ಲ. ಮಳೆಯ ಜೊತೆಗೆ ಬೆಲೆಯೂ ಕೈಕೊಟ್ಟಿತು. ರಾಗಿ ಇದ್ದ ಕಡೆಯಲ್ಲೂ ಕೊಳ್ಳುವ ಕಾಸು ಜನರ ಹತ್ತಿರ ಇರಲಿಲ್ಲ. ಧಾನ್ಯ ತಂದು ಹಂಚಲು ಒಳನಾಡಿಗೆ ರೈಲೂ ಇರಲಿಲ್ಲ. ತುಮಕೂರು, ಗುಬ್ಬಿಗೆ ರೈಲು ಬಂದದ್ದು 1884ರಲ್ಲಿ, ಎಲ್ಲ ಮುಗಿದ ಮೇಲೆ. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು.

ರಸ್ತೆಯಲ್ಲಿ, ಗಂಜಿ ಕೇಂದ್ರಗಳಲ್ಲಿ ಮಕ್ಕಳು ಉಳಿದುಕೊಂಡರು. ವೆಸ್ಲಿಯನ್ನರು ಗಂಡುಹುಡುಗರಿಗಾಗಿ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿ ಅನಾಥಾಲಯ ತೆರೆದರು. ತುಮಕೂರಿನ ಹುಡುಗರಿಗೆ ಓದಿನ ಜೊತೆ ಕೈಕಸುಬು ಕಲಿಸುವ ಶಾಲೆಯೂ ಬಂತು. ಈ ಮಕ್ಕಳು ಬೆಳೆದು, ಮದುವೆಯಾಗಿ, ಮಿಷನ್ ಕಾಂಪೌಂಡುಗಳ ಸುತ್ತ ನೆಲೆಸಿದಾಗಲೇ ಸಭೆಗಳಿಗೆ ನಿಜವಾದ ಬಲ ಬಂತು.

ಅನಾಥಾಲಯದ ಊಟದ ಸಾಲು ಯೋಚಿಸಬೇಕಾದ ಸಂಗತಿ. ಅಪ್ಪ-ಅಮ್ಮ ಸತ್ತ, ಊರಿನ ಹೆಸರೂ ಸರಿಯಾಗಿ ಹೇಳಲಾರದ ನಾಲ್ಕು ವರ್ಷದ ಮಗು ಯಾವ ಜಾತಿಯದು ಎಂದು ಯಾರನ್ನು ಕೇಳಬೇಕು? ಯಾರ ತಟ್ಟೆಯ ಪಕ್ಕ ಯಾರ ತಟ್ಟೆ ಇಡಬಾರದು? ಸಂತೆಯ ಉಪದೇಶ ನಲವತ್ತು ವರ್ಷದಲ್ಲಿ ಬಿಡಿಸಲಾಗದ ಗಂಟನ್ನು ಬರ ಎರಡೇ ವರ್ಷದಲ್ಲಿ ಕತ್ತರಿಸಿ ಹಾಕಿತು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಅಷ್ಟು ದೊಡ್ಡ ಬೆಲೆಗೆ ಬಂದ ಸಮಾನತೆ ಅದು. 'ಬರದಲ್ಲಿ ಗಂಜಿ ಕೊಟ್ಟು ಜಾತಿ ಕೆಡಿಸಿದರು' ಎಂಬ ಆರೋಪ ಆಗಲೂ ಇತ್ತು, ಈಗಲೂ ಇದೆ. ಹಾಗೆ ಹೇಳುವವರು ಆ ಮಕ್ಕಳನ್ನು ಬೇರೆ ಯಾರು ಮನೆಗೆ ಕರೆದುಕೊಂಡು ಹೋಗಲು ತಯಾರಿದ್ದರು ಎಂಬುದನ್ನೂ ಹೇಳಬೇಕಾಗುತ್ತದೆ.

ಊಟ, ವಸತಿ, ಅಕ್ಷರ – ಈ ಮೂರನ್ನು ಒಟ್ಟಿಗೆ ಕೊಡುವುದು ತುಮಕೂರಿನ ನೆಲಕ್ಕೇ ಒಗ್ಗಿದ ಅಭ್ಯಾಸವೇನೋ. ಊರಿನಾಚೆ ಸಿದ್ಧಗಂಗೆಯಲ್ಲಿ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆ ಶುರು ಮಾಡಿದರು. ಅವರ ಉತ್ತರಾಧಿಕಾರಿ ಶಿವಕುಮಾರ ಸ್ವಾಮಿಗಳು 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಆ ದಾಸೋಹ ಸಾವಿರಾರು ಮಕ್ಕಳ ಮನೆಯಾಗಿತ್ತು, ಜಾತಿ-ಮತ ಕೇಳದೆ. ಅಳತೆಯಲ್ಲಿ ಮಿಷನ್ ಹಾಸ್ಟೆಲುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಸಮುದಾಯವೇ ಚಿಕ್ಕದು: 2011ರ ಜನಗಣತಿಯಲ್ಲಿ ಸುಮಾರು 26.8 ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಎಲ್ಲ ಪಂಗಡದ ಕ್ರೈಸ್ತರನ್ನು ಸೇರಿಸಿದರೂ ಶೇ 1 ಆಗುವುದಿಲ್ಲ.

ಅಂಗೈ ಮೇಲೆ ಅಂಗೈ

ಭಾನುವಾರ ಬೆಳಿಗ್ಗೆಯ ಕರ್ತನ ಭೋಜನದ ಆರಾಧನೆಯಲ್ಲಿ ಹೊಸಬರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ಗಳಿಗೆ ಇದೆ.

ಸಭಾಪಾಲಕರು ಪೀಠದ ಬಳಿಯಿಂದ ಒಂದೆರಡು ಹೆಜ್ಜೆ ಮುಂದೆ ಬರುತ್ತಾರೆ. ಮೊದಲ ಸಾಲಿನವರ ಬಲ ಅಂಗೈಗೆ ತಮ್ಮ ಬಲ ಅಂಗೈ ತಾಗಿಸುತ್ತಾರೆ. ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಮೇಲೆ ಮುಚ್ಚುತ್ತಾರೆ. ಸಮಾಧಾನದ ಒಂದು ಮಾತು. ಪಡೆದವರು ಹಿಂದಿನ ಸಾಲಿಗೆ ತಿರುಗುತ್ತಾರೆ. ಹೀಗೆ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ, ಬಾಗಿಲ ಬಳಿ ಚಪ್ಪಲಿ ಕಾಯುವ ಹುಡುಗನವರೆಗೆ.

ಇದು ಲಂಡನ್ನಿನಿಂದ ಬಂದ ಪದ್ಧತಿಯಲ್ಲ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1950ರಲ್ಲಿ ತನ್ನದೇ ಆರಾಧನಾ ಕ್ರಮ ರೂಪಿಸಿದಾಗ ಕೇರಳದ ಸಿರಿಯನ್ ಕ್ರೈಸ್ತರ ಸಂಪ್ರದಾಯದಿಂದ ಇದನ್ನು ಎತ್ತಿಕೊಂಡಿತು. ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿದ ವರ್ಷವೇ, ಮುಟ್ಟುವುದನ್ನು ಪೂಜೆಯ ಭಾಗ ಮಾಡಿದ ಕ್ರಮವೊಂದು ಹಳ್ಳಿ ಹಳ್ಳಿಯ ಸಭೆಗಳಿಗೆ ತಲುಪತೊಡಗಿತು. ಪಶ್ಚಿಮದ ಚರ್ಚುಗಳು ಆಮೇಲೆ ಇದನ್ನು ನೋಡಿ ಕಲಿತವು. ಕೊಟ್ಟು ಪಡೆದ ಲೆಕ್ಕದಲ್ಲಿ ನಮ್ಮ ಕಡೆಯೂ ಒಂದು ಜಮೆ ಇದೆ ಎಂದಾಯಿತು.

ಸಿಎಸ್‌ಐ ಹುಟ್ಟಿದ್ದು ಸ್ವಾತಂತ್ರ್ಯ ಬಂದು ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ 28 ವರ್ಷ ಹಿಡಿಯಿತು. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ – ಇಂಗ್ಲೆಂಡಿನಲ್ಲಿ ಪರಸ್ಪರ ಮುಖ ತಿರುಗಿಸುತ್ತಿದ್ದವರೆಲ್ಲ ಇಲ್ಲಿ ಒಂದಾದರು. ಮೈಸೂರು ಧರ್ಮಪ್ರಾಂತ್ಯಕ್ಕೆ ಮೊದಲ ಬಿಷಪ್ ಆಗಿ ಬಂದವರು ಪಿ. ಗುರುಶಾಂತ. ಹೆಸರೇ ಹೇಳುತ್ತದೆ, ಹೊರಗಿನವರಲ್ಲ. ಅವರ ನಂತರ 1951ರಲ್ಲಿ ಬಂದ ನಾರ್ಮನ್ ಸಾರ್ಜೆಂಟ್ ಬ್ರಿಟಿಷ್ ಮೆಥಡಿಸ್ಟರು. ಅವರು ಬಿಷಪ್ ಆಗಿದ್ದುಕೊಂಡೇ ಲಿಂಗಾಯತರ ಬಗ್ಗೆ ಪುಸ್ತಕ ಬರೆದರು. ಗುಬ್ಬಿಯಲ್ಲಿ ಶುರುವಾದ ವಾದ ನೂರು ವರ್ಷದ ಮೇಲೆ ಅಧ್ಯಯನವಾಗಿ ಮಾರ್ಪಟ್ಟಿತ್ತು. 1970ರಲ್ಲಿ ಮೈಸೂರು ಪ್ರಾಂತ್ಯ ಮೂರಾದಾಗ ತುಮಕೂರು ಸೇರಿದ್ದು ಬೆಂಗಳೂರು ಕೇಂದ್ರವಾಗಿರುವ ಕರ್ನಾಟಕ ಮಧ್ಯ ಧರ್ಮಪ್ರಾಂತ್ಯಕ್ಕೆ.

> ಚೌಕಟ್ಟು: ಇಬ್ಬರು ಮೆಥಡಿಸ್ಟರು
> ಕರ್ನಾಟಕದಲ್ಲಿ ಮೆಥಡಿಸ್ಟರ ಎರಡು ಬಳ್ಳಿಗಳಿವೆ. ಬ್ರಿಟನ್ನಿನ ವೆಸ್ಲಿಯನ್ ಬಳ್ಳಿ (ತುಮಕೂರು, ಗುಬ್ಬಿ, ಹಾಸನ, ಮೈಸೂರು) 1947ರಲ್ಲಿ ಸಿಎಸ್‌ಐ ಒಳಗೆ ಸೇರಿಹೋಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನರ ಬಾಯಲ್ಲಿ 'ಮಿಷನ್ ಆಸ್ಪತ್ರೆ', ಈ ಬಳ್ಳಿಯದು. ಅಮೆರಿಕದಿಂದ ಬಂದ ಬಳ್ಳಿ ಹೊರಗೇ ಉಳಿದು 1981ರಲ್ಲಿ 'ಮೆಥಡಿಸ್ಟ್ ಚರ್ಚ್ ಇನ್ ಇಂಡಿಯಾ' ಆಯಿತು. ಬೀದರ್ ಸೀಮೆಯ ಸಭೆಗಳು, ಕೋಲಾರದ ಮಿಷನ್ ಆಸ್ಪತ್ರೆ, ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಅದರವು. ಎರಡಕ್ಕೂ ಮೂಲಪುರುಷನಾದ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಉಚಿತ ಔಷಧಾಲಯ ತೆರೆದಿದ್ದ, 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಿಕೆ ಬರೆದಿದ್ದ. 1791ರಲ್ಲಿ ಸಾಯುವ ಕೆಲವೇ ದಿನ ಮೊದಲು ಬರೆದ ಪತ್ರವೂ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ.

ಹೆಣ್ಣುಮಕ್ಕಳ ಕೈಯಲ್ಲಿ

ಸಭೆಯ ದಿನನಿತ್ಯದ ಬದುಕು ಗಂಡಸರ ಸಮಿತಿಗಳಲ್ಲಿ ನಡೆಯುತ್ತದೆ ಎಂದು ದಾಖಲೆ ಹೇಳುತ್ತದೆ. ಕಾಯಿಲೆ ಬಿದ್ದವರ ಮನೆಗೆ ಹೋಗುವುದು, ಸಂಡೇ ಸ್ಕೂಲಿನ ಮಕ್ಕಳಿಗೆ ಹಾಡು ಕಲಿಸುವುದು, ಕ್ರಿಸ್ತ ಜಯಂತಿಗೆ ಕಜ್ಜಾಯ, ಕುಲ್‌ಕುಲ್ ಮಾಡಿ ಬೀದಿಯ ಎಲ್ಲ ಮನೆಗೂ ತಟ್ಟೆ ಕಳಿಸುವುದು – ಇದೆಲ್ಲ ಸ್ತ್ರೀಯರ ಕೂಟದ ಪಾಲು. ಗಣೇಶನ ಹಬ್ಬದ ಕಡುಬು ಬಂದ ತಟ್ಟೆಯಲ್ಲೇ ಡಿಸೆಂಬರಿನಲ್ಲಿ ಕೇಕು ವಾಪಸ್ ಹೋಗುತ್ತದೆ. ಹಿಂದೆ 'ಬೈಬಲ್ ಸ್ತ್ರೀ' ಎಂದು ಕರೆಸಿಕೊಳ್ಳುತ್ತಿದ್ದ ಹೆಂಗಸರು ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಸಿಎಸ್‌ಐ ಮೊದಲ ಮಹಿಳಾ ಬಿಷಪ್ ಇ. ಪುಷ್ಪಲಲಿತಾ ಅವರನ್ನು ಆಂಧ್ರದ ನಂದ್ಯಾಲಕ್ಕೆ ನೇಮಿಸಿದ್ದು 2013ರಲ್ಲಿ, ಸಭೆ ಹುಟ್ಟಿ 66 ವರ್ಷದ ಮೇಲೆ.

ನ್ಯಾಯದ ವಿಷಯದಲ್ಲೂ ಸಭೆಯ ಕಾಲು ಹೀಗೇ ನಿಧಾನ. ಹಾಸ್ಟೆಲು, ಶಾಲೆ, ಔಷಧ – ಕೊಡುವುದರಲ್ಲಿ ಕೈ ಧಾರಾಳ. ಹಕ್ಕು ಕೇಳಿ ಬೀದಿಗಿಳಿಯುವುದರಲ್ಲಿ ಹಿಂಜರಿಕೆ. ತುಮಕೂರಿನಲ್ಲಿ ದಲಿತರ ಭೂಮಿ ಮತ್ತು ಪಂಚಾಯ್ತಿಯ ಪ್ರಶ್ನೆಯನ್ನು 1980ರ ದಶಕದಿಂದ ಎತ್ತಿದ್ದು ಎಂ.ಸಿ. ರಾಜ್ ಮತ್ತು ಜ್ಯೋತಿ ರಾಜ್ ಕಟ್ಟಿದ 'ರೆಡ್ಸ್' ಸಂಸ್ಥೆ. ಮಲ ಹೊರುವ ಪದ್ಧತಿಯ ವಿರುದ್ಧ, ಪೌರಕಾರ್ಮಿಕರ ಪರವಾಗಿ ಎದ್ದದ್ದು 'ತಮಟೆ' ಎಂಬ ಸಂಸ್ಥೆಯ ದನಿ. ಎರಡೂ ಚರ್ಚ್ ಕಾಂಪೌಂಡಿನ ಹೊರಗಿನವು.

ಕಾಂಪೌಂಡಿನ ಒಳಗೆ ಮೌನವಿತ್ತು ಎಂದಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ 'ದಲಿತ ದೇವತಾಶಾಸ್ತ್ರ'ದ ಚರ್ಚೆಗೆ ಚಾಲನೆ ಸಿಕ್ಕಿತು. ಸಭಾಪಾಲಕರು ತರಬೇತಿ ಪಡೆಯುವ ಕಾಲೇಜು ಅದು. ಒಂದೇ ಬೆಂಚಿನಲ್ಲಿ ಕೂತವರು ಮದುವೆ ಸಂಬಂಧ ನೋಡುವಾಗ ಯಾಕೆ ಹಳೆಯ ಕೇರಿ ವಿಚಾರಿಸುತ್ತಾರೆ, ಅಧಿಕಾರದ ಕುರ್ಚಿ ಯಾರ ಪಾಲಿಗೆ ಬರುತ್ತದೆ ಎಂಬ ಪ್ರಶ್ನೆಗಳು ಅಲ್ಲಿಂದ ಹೊರಟು ಪೀಠದವರೆಗೂ ಬಂದವು. ಈಗ ನವೆಂಬರಿನ ಎರಡನೇ ಭಾನುವಾರವನ್ನು ದೇಶದ ಪ್ರಾಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಸಭೆಗಳು ಒಟ್ಟಿಗೆ 'ದಲಿತ ವಿಮೋಚನಾ ಭಾನುವಾರ'ವಾಗಿ ಆಚರಿಸುತ್ತವೆ. ಆಗಸ್ಟ್ 10ರಂದು ಕಪ್ಪು ಪಟ್ಟಿ ಕಟ್ಟುವವರೂ ಇದ್ದಾರೆ.

ಆಗಸ್ಟ್ 10ರ ಗಂಟು

1950ರ ಆಗಸ್ಟ್ 10ರಂದು ಹೊರಟ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಈ ಧರ್ಮದ ಷರತ್ತು ತೆಗೆಯಿರಿ ಎಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಹೇಳಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ರಚಿಸಿತು. ಎರಡು ವರ್ಷದ ಗಡುವು ಮುಗಿದ ಮೇಲೆ ಅವಧಿ ವಿಸ್ತರಣೆಯಾಯಿತು.

ಕರ್ನಾಟಕದ ಮಟ್ಟಿಗೆ ಒಂದು ನಡುದಾರಿ ಇದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿ. ಪ್ರವರ್ಗ-1ಕ್ಕೆ ಕೆನೆಪದರದ ತಕರಾರಿಲ್ಲ, ಆದರೆ ಇರುವ ಶೇ 4ರ ಪಾಲಿಗೆ ಹತ್ತಾರು ಅಲೆಮಾರಿ ಸಮುದಾಯಗಳ ಜೊತೆ ಪೈಪೋಟಿ. ಆ ಪಾಲು ಬೇಕೆಂದರೆ ಮೂಲ ಜಾತಿ ಹೇಳಲೇಬೇಕು. ಸಮೀಕ್ಷೆಯ ಗಣತಿದಾರರು ಬಾಗಿಲಿಗೆ ಬಂದಾಗ ಅನೇಕರಿಗೆ ಎದುರಾದ ಇಕ್ಕಟ್ಟು ಇದೇ. ಜಾತಿ ಬರೆಸಿದರೆ 'ನಿಮ್ಮಲ್ಲೂ ಜಾತಿ ಇದೆಯಾ' ಎಂಬ ಕೊಂಕು. ಬರೆಸದಿದ್ದರೆ ಮಗಳ ಸೀಟು ಹೋಯಿತು. ಇನ್ನು ಧಾತು ಈಶ್ವರ ಬರದಲ್ಲಿ ತಾತನ ತಾತ ಅನಾಥಾಲಯಕ್ಕೆ ಬಂದಿದ್ದ ಮನೆಯಾದರೆ ಬರೆಸುವುದಾದರೂ ಏನನ್ನು?

ಜಮೀನಿನ ಬದುವಿನ ಮೇಲೆ ಈ ಗಂಟು ಇನ್ನೂ ಬಿಗಿಯುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಸೇರಿದವರು ಆ ಕಾಯ್ದೆಯ ರಕ್ಷಣೆ ಕೇಳುವಂತಿಲ್ಲ ಎಂದು ಆಂಧ್ರಪ್ರದೇಶ ಹೈಕೋರ್ಟ್ 2025ರಲ್ಲಿ, ಪಾದ್ರಿಯೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹಳ್ಳಿಯಲ್ಲಿ ಅಣ್ಣ ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಇಟ್ಟುಕೊಂಡು ಊರ ದೇವರ ಜಾತ್ರೆಗೆ ಹೋಗುತ್ತಾನೆ, ತಂಗಿ ದೀಕ್ಷಾಸ್ನಾನ ಪಡೆದು ಭಾನುವಾರ ದೇವಾಲಯಕ್ಕೆ ಹೋಗುತ್ತಾಳೆ ಎಂದುಕೊಳ್ಳಿ. ಪಕ್ಕದ ಹೊಲದವನು ಇಬ್ಬರನ್ನೂ ಒಂದೇ ಉಸಿರಿನಲ್ಲಿ, ಒಂದೇ ಜಾತಿಯ ಹೆಸರು ಹಿಡಿದು ಬೈದರೆ, ಪೊಲೀಸ್ ಠಾಣೆಯಲ್ಲಿ ಅಣ್ಣನ ದೂರು ಆ ಕಾಯ್ದೆಯಡಿ ದಾಖಲಾಗುತ್ತದೆ. ತಂಗಿಯದು ಆಗುವುದಿಲ್ಲ.